ಸುತ್ತುವ ಗಿಡುಗಗಳ ಲೆಕ್ಕ ತಾಳೆ ಆಗ್ತಿಲ್ಲ (ಬ್ರಾಡಕ್ ಬೇ, ಏಪ್ರಿಲ್)

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಒಂಟಾರಿಯೋ ಸರೋವರದ ದಂಡೆಯ ಬ್ರಾಡಕ್ ಬೇಯಲ್ಲಿ ವಸಂತದಲ್ಲಿ ಉತ್ತರಕ್ಕೆ ಹೋಗುವ ಗಿಡುಗಗಳನ್ನು ಎಣಿಸುತ್ತಾರೆ. ನಾನೂ ನನ್ನ ಹೆಂಡತಿಯೂ ಪಕ್ಕದಲ್ಲಿ ನಿಂತು ಸುಮ್ನೆ ಅಭ್ಯಾಸಕ್ಕೆ ಎಣಿಸುತ್ತೇವೆ.

ಸಮಸ್ಯೆ: ಒಂದೇ ಆಕಾಶ, ಒಂದೇ ಗಂಟೆ. ನನ್ನ ಲೆಕ್ಕ 340 ಬ್ರಾಡ್‌ವಿಂಗ್ (ಅಗಲ ರೆಕ್ಕೆಯ ಒಂದು ಜಾತಿಯ ಗಿಡುಗ), ಅವಳದು ಹತ್ತಿರ ಹತ್ತಿರ 600. ಜೊತೆಗೆ ಮಧ್ಯಾಹ್ನ ಆಗುತ್ತಿದ್ದಂತೆ ಒಂದೂ ಕಾಣಿಸುವುದಿಲ್ಲ. ಆಕಾಶ ಶುಭ್ರ ನೀಲಿ, ಬೈನಾಕ್ಯುಲರ್ 10x42. ಎಲ್ಲಿ ಎಡವಟ್ಟು ಆಗ್ತಿದೆ?

ಕ್ಯಾಮೆರಾಕಿಟ್ಟಿ
ಫೋಟೋ ತೆಗೆದು ಮನೆಗೆ ಬಂದು ಎಣಿಸಿ ಸರ್. ಜಗಳವೇ ಇರಲ್ಲ.

ಗಾಳಿಪಾಲು
ಕಿಟ್ಟಿ ಅವರೇ, ಅಭ್ಯಾಸಕ್ಕೆ ಅದು ಒಳ್ಳೆಯದು. ಆದರೆ ಚೌಕಟ್ಟಿನ ಆಚೆ ಎಷ್ಟಿದ್ದವು ಅಂತ ಫೋಟೋ ಹೇಳಲ್ಲ. ಈ ಫೋಟೋದಲ್ಲಿದ್ದ ಹಕ್ಕಿ ಮುಂದಿನದರಲ್ಲೂ ಇದೆಯಾ ಅನ್ನೋದೂ ಗೊತ್ತಾಗಲ್ಲ.

ತುಂಗಾತೀರ ಅವರೇ, ಮೊದಲು ಇದು ಹೇಳಿ: ಗುಂಪು ಗಿರಗಿರ ಸುತ್ತುವಾಗಲೇ ಎಣಿಸುತ್ತಿದ್ದೀರಾ?

ತುಂಗಾತೀರ
ಹೌದು. ನಾನು ಒಂದೊಂದಾಗಿ, ಅವಳು ಹತ್ತತ್ತರ ಗುಂಪಾಗಿ.

ಗಾಳಿಪಾಲು
ಹಾಗಾದ್ರೆ ತೊಂದರೆ ಅಲ್ಲೇ ಇದೆ. ಇಲ್ಲಿನವರು ಕೆಟಲ್ ಅನ್ನುವ ಆ ಸುತ್ತುವ ಗುಂಪಿನಲ್ಲಿ ಎಣಿಸಲೇಬೇಡಿ. ಎಡಕ್ಕೆ ಹೋದದ್ದು ಅರೆಕ್ಷಣದಲ್ಲಿ ಬಲಕ್ಕೆ ಬರುತ್ತೆ. ಕೆಳಗಿಂದ ಹೊಸವು ಸೇರುತ್ತಲೇ ಇರುತ್ತವೆ, ಮೇಲಿಂದ ಹೊರಡುತ್ತಲೂ ಇರುತ್ತವೆ. ಒಬ್ಬರಿಗೆ ಕಡಿಮೆ, ಒಬ್ಬರಿಗೆ ಜಾಸ್ತಿ ಆಗೋದು ಸಹಜ.

ಕೆಟಲ್‌ನ ನೆತ್ತಿ ನೋಡಿ. ಬಿಸಿಗಾಳಿಯ ಏರು ಮುಗಿದಲ್ಲಿ ಒಂದು ಹಕ್ಕಿ ಸುತ್ತುವುದು ನಿಲ್ಲಿಸುತ್ತೆ. ಅಗಲಿಸಿದ್ದ ಬಾಲ ಮುಚ್ಚುತ್ತೆ, ರೆಕ್ಕೆ ಸ್ವಲ್ಪ ಒಳಗೆಳೆದುಕೊಳ್ಳುತ್ತೆ. ಆಮೇಲೆ ಬಡಿಯದೆ ಪೂರ್ವಕ್ಕೆ ಜಾರುತ್ತೆ. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. ಎಣಿಸಬೇಕಾದ್ದು ಈ ಸಾಲನ್ನು. ಸರೋವರದ ತಣ್ಣೀರ ಮೇಲೆ ಬಿಸಿಗಾಳಿ ಏಳಲ್ಲ. ಅದಕ್ಕೇ ಅವು ನೀರು ದಾಟದೆ ದಂಡೆ ಹಿಡಿದು ಪೂರ್ವಕ್ಕೆ ಹೋಗುತ್ತವೆ. ನಿಮಗೆ ಅದೇ ಅನುಕೂಲ. ಒಂದು ಕಂಬವನ್ನೋ ಮರವನ್ನೋ ಗುರುತು ಮಾಡಿಕೊಂಡು, ಅಲ್ಲಿಂದ ನಿಮ್ಮ ತಲೆಯ ಮೇಲಕ್ಕೆ ಉತ್ತರ-ದಕ್ಷಿಣವಾಗಿ ಒಂದು ಗೆರೆ ಊಹಿಸಿಕೊಳ್ಳಿ. ಗೆರೆ ದಾಟಿ ಪೂರ್ವಕ್ಕೆ ಹೋದರೆ ಕ್ಲಿಕ್ಕರ್‌ನಲ್ಲಿ (ಒತ್ತಿದಾಗೊಮ್ಮೆ ಒಂದು ಅಂಕಿ ಏರುವ, ಕೈಯಲ್ಲಿ ಹಿಡಿಯುವ ಎಣಿಕೆ ಸಾಧನ) ಒಂದು ಕ್ಲಿಕ್. ವಾಪಸ್ ಬಂದರೆ ಒಂದು ಕಳೆಯಿರಿ.

ಕ್ಲಿಕ್ಕರ್ ಒಬ್ಬರ ಕೈಯಲ್ಲೇ ಇರಲಿ, ಅದೂ ಬ್ರಾಡ್‌ವಿಂಗ್‌ಗೆ ಮಾತ್ರ. ಇನ್ನೊಬ್ಬರು ಬೇರೆ ಜಾತಿಗಳನ್ನು ಹುಡುಕಿ ಕಾಗದದಲ್ಲಿ ಬರೆಯಲಿ. ಇಬ್ಬರ ಅಂಕಿಯ ಸರಾಸರಿ ತೆಗೆಯಬೇಡಿ, ಅದು ಯಾರ ಎಣಿಕೆಯೂ ಅಲ್ಲ. ಸಾಲು ತೀರಾ ದಟ್ಟವಾದರೆ ಹತ್ತನ್ನು ಬಿಡಿಬಿಡಿಯಾಗಿ ಎಣಿಸಿ, ಆ ಹತ್ತು ಎಷ್ಟು ಉದ್ದ ಬರುತ್ತೆ ನೋಡಿಕೊಂಡು ಮುಂದುವರಿಸಿ. ಮೇಡಂ ಅವರ ಹತ್ತರ ಲೆಕ್ಕ ತಪ್ಪೇನಲ್ಲ, ಕೆಟಲ್‌ನೊಳಗೆ ಅದು ನಡೆಯಲ್ಲ ಅಷ್ಟೇ.

ಇನ್ನು ಮಧ್ಯಾಹ್ನದ್ದು. ಎರಡು ಕಾರಣ ಇರಬಹುದು. ಬಿಸಿಲೇರಿದಂತೆ ಸರೋವರದಿಂದ ತಣ್ಣನೆಯ ಗಾಳಿ ಒಳಕ್ಕೆ ನುಗ್ಗುತ್ತೆ, ಹಕ್ಕಿಗಳ ದಾರಿ ದಕ್ಷಿಣಕ್ಕೆ ಸರಿಯುತ್ತೆ. ಮುಖಕ್ಕೆ ಉತ್ತರದ ತಂಪು ಬಡಿದರೆ ಬೆನ್ನು ತಿರುಗಿಸಿ ಒಳನಾಡಿನ ಕಡೆ ನೋಡಿ. ಎರಡನೆಯದು ನಿಮ್ಮ ಶುಭ್ರ ನೀಲಿ. ನೋಡೋಕೆ ಚೆಂದ, ಎಣಿಸೋಕೆ ಶನಿ! ಖಾಲಿ ಆಕಾಶದಲ್ಲಿ ಕಣ್ಣಿನ ಫೋಕಸ್ ತಾನಾಗೇ ಹತ್ತಿರಕ್ಕೆ ಬಂದು ನಿಲ್ಲುತ್ತೆ, ದೂರದ ಚುಕ್ಕೆ ಮಾಯ. ಆಗಾಗ ವಿಮಾನದ ಬಿಳಿ ಗೆರೆಯನ್ನೋ ದೂರದ ಮರವನ್ನೋ ನೋಡಿ ಕಣ್ಣನ್ನು ಮತ್ತೆ ದೂರಕ್ಕೆ ತನ್ನಿ. ಬೈನಾಕ್ಯುಲರ್ ಫೋಕಸ್ಸೂ ಅಲ್ಲೇ ಇರಲಿ. ಚೂರು ಮೋಡ ಬಂದರೆ ಅದರ ಅಂಚು ಬಿಡಬೇಡಿ.

ಹುಲ್ಲುಗಾವಲು
ನಮ್ಮಲ್ಲೂ ಇದೇ ಕಥೆ. ರಾಣೆಬೆನ್ನೂರು ಕಡೆ ಚಳಿಗಾಲದ ಸಂಜೆ ಹ್ಯಾರಿಯರ್‌ಗಳು (ಹುಲ್ಲುಗಾವಲಿನ ಬೇಟೆ ಹಕ್ಕಿಗಳು) ರಾತ್ರಿ ತಂಗಲು ಹುಲ್ಲಿಗೆ ಇಳಿಯುತ್ತವೆ. ಇಳಿದದ್ದು ಮತ್ತೆ ಎದ್ದು ಒಂದು ಸುತ್ತು ಹಾಕಿ ಇಳಿಯುತ್ತೆ. ಅದಕ್ಕೇ ಇಳಿಯುವುದಕ್ಕೆ ಪ್ಲಸ್, ಏಳುವುದಕ್ಕೆ ಮೈನಸ್ ಬರೆಯುತ್ತೇವೆ.

ತುಂಗಾತೀರ
ಗೆರೆಯ ಉಪಾಯ ಕೆಲಸ ಮಾಡಿತು! ಪರೀಕ್ಷೆಗೆ ಅಂತ ಅರ್ಧ ಗಂಟೆ ಇಬ್ಬರೂ ಎಣಿಸಿದೆವು, ವ್ಯತ್ಯಾಸ ಬೆರಳೆಣಿಕೆಯಷ್ಟು. ನೆತ್ತಿಯಿಂದ ಜಾರುವುದನ್ನು ನೋಡುವುದೇ ಒಂದು ಸುಖ.

ಇನ್ನೊಂದು ಡೌಟು. ಟರ್ಕಿ ವಲ್ಚರ್‌ಗಳು (ಇಲ್ಲಿನ ಒಂದು ಜಾತಿಯ ರಣಹದ್ದು) ಬೆಳಗ್ಗೆಯಿಂದ ಅಲ್ಲೇ ಓಲಾಡುತ್ತಿರುತ್ತವೆ. ಬೆಂಗಳೂರಿನ ಮಾಂಸದ ಅಂಗಡಿ ಮೇಲಿನ ಹದ್ದುಗಳ ಥರ ಇಲ್ಲಿಯವೇನಾ? ಎಣಿಸಬೇಕಾ?

ಗಾಳಿಪಾಲು
ಕೆಲವು ಅಲ್ಲಿಯವೇ, ಕೆಲವು ದಾರಿಹೋಕರು. ರೆಕ್ಕೆ ವಿ ಆಕಾರದಲ್ಲಿ ಎತ್ತಿ ಓಲಾಡುವುದು ಎರಡರಲ್ಲೂ ಒಂದೇ, ಅದರಿಂದ ಗೊತ್ತಾಗಲ್ಲ. ಪೂರ್ವಕ್ಕೆ ಹೋಗಿ ಕಣ್ಮರೆಯಾದರೆ ಮಾತ್ರ ಎಣಿಸಿ. ಅನುಮಾನ ಬಂದರೆ ಬಿಟ್ಟುಬಿಡಿ. ಬಿಳಿತಲೆ ಹದ್ದಿಗೂ ಇದೇ ನಿಯಮ.

ಮೇ ಕೊನೆಯವರೆಗೂ ಹೋಗ್ತಾ ಇರಿ. ಏಪ್ರಿಲ್ ಕೊನೆಯ ದೊಡ್ಡ ದಂಡು ಮುಗಿದ ಮೇಲೆ, ಹಿಂದಿನ ವರ್ಷ ಹುಟ್ಟಿದ ಬ್ರಾಡ್‌ವಿಂಗ್‌ಗಳು ತಡವಾಗಿ ಬರುತ್ತವೆ. ಗರಿ ಉದುರಿ ರೆಕ್ಕೆಯ ನಡುವೆ ಸಂದು ಕಾಣುತ್ತೆ. ಅವನ್ನು ವಯಸ್ಕ ಹಕ್ಕಿಗಳ ಜೊತೆ ಸೇರಿಸದೆ ಬೇರೆ ಕಾಲಂನಲ್ಲಿ ಬರೆಯಿರಿ.

ತುಂಗಾತೀರ
ಸರಿ ಸರ್, ಹಾಳೆಯಲ್ಲಿ ಕಾಲಂ ಹಾಕಿದೆ. ಚರ್ಚೆಗೆ 'ಪರಿಹಾರವಾಗಿದೆ' ಅಂತ ಗುರುತು ಹಾಕುತ್ತಿದ್ದೇನೆ.