ಪದಚರ್ಚೆ: ಹಾಡಿನ ಫೈಲಿನ ‘ಟ್ಯಾಗ್’ಗೆ ಕನ್ನಡದಲ್ಲಿ ಏನನ್ನೋಣ? (ಶನಿವಾರದೊಳಗೆ ಬೇಕು)

ಪುಣೆಯಿಂದ:

ನಮಸ್ಕಾರ. ನಮ್ಮ ಸಂಘದ ಓದುವ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದೇವೆ. ಹಳೆ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡುಗಳೆಲ್ಲ ಅದರಲ್ಲಿವೆ. ಖಯಾಲ್, ದಾಸರ ಪದ, ಭಾವಗೀತೆ, ಸ್ವಲ್ಪ ನಾಟ್ಯಸಂಗೀತ. ಕೇಳೋಕೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಅದಕ್ಕೇ ಪಕ್ಕದಲ್ಲಿ ಒಂದು ಕನ್ನಡ ಬೋರ್ಡು ಹಾಕಬೇಕು. ಟ್ಯಾಗ್ (ಹಾಡಿನ ಹೆಸರು, ಹಾಡಿದವರು ಅಂತ ಫೈಲಿನ ಜೊತೆಗೇ ತುಂಬಿಡುವ ವಿವರ), ಆಲ್ಬಮ್, ಆರ್ಟಿಸ್ಟ್, ಜಾನರ್ (ಹಾಡು ಯಾವ ಥರದ್ದು ಅನ್ನೋದು), ಈ ನಾಲ್ಕಕ್ಕೆ ಪದ ಬೇಕು. ಟ್ಯಾಗ್‌ಗೆ ‘ಹಣೆಪಟ್ಟಿ’ ಅಂತ ಬರೆದಿಟ್ಟಿದ್ದೇನೆ. ಪ್ರೆಸ್ಸಿನವರಿಗೆ ಶನಿವಾರ ಕೊಡಬೇಕು.

ಮಾಟುಂಗಾದಿಂದ:

ಹಣೆಪಟ್ಟಿ ಬೇಡವೇ ಬೇಡ. ಯಾರಿಗಾದರೂ ಹಣೆಪಟ್ಟಿ ಹಚ್ಚಿದರು ಅಂದರೆ ಅದು ದೂರಿನ ಮಾತು. ಹಾಡಿಗೆ ಯಾಕೆ ಆ ಮಾತು?

‘ಗುರುತು’ ಅನ್ನಿ. ಅಚ್ಚಗನ್ನಡ. ಹಳಗನ್ನಡದ ‘ಕುಱಿ’ ಇದರ ಬೇರು. ಕುರುಹು, ಗುರಿ, ‘ಅವನನ್ನು ಕುರಿತು’ ಅನ್ನುವಲ್ಲಿನ ಕುರಿತು, ಎಲ್ಲ ಅದೇ ಮನೆಯವು. ಕವಿರಾಜಮಾರ್ಗದ ‘ಕುಱಿತೋದದೆಯುಂ’ ನೆನಪಿದೆ ಅಲ್ವಾ? ಅಲ್ಲಿರೋದೂ ಇದೇ ಕುಱಿ. ತಮಿಳಿನಲ್ಲಿ ಇವತ್ತಿಗೂ ಕುಱಿ ಅಂದರೆ ಗುರುತೇ. ಸಾವಿರ ವರ್ಷಕ್ಕೂ ಹಳೆಯ ಮಾತು ಕೈಯಲ್ಲೇ ಇರುವಾಗ ಬೇರೆ ಕಡೆ ಹುಡುಕೋದು ಯಾಕೆ?

ಮಡಗಾಂವ್‌ನಿಂದ:

ಗುರುತು ತೀರಾ ಸಪ್ಪೆ. ‘ಅಂಕಿತ’ ಯಾಕಾಗಬಾರದು? ಟ್ಯಾಗ್ ಅನ್ನೋದು ಹೊರಗೆ ಅಂಟಿಸಿದ ಚೀಟಿಯಲ್ಲ, ಫೈಲಿನ ಒಳಗೇ ಬರೆದಿರುತ್ತೆ. ದಾಸರ ಪದದಲ್ಲೂ ಹಾಗೇ. ‘ಪುರಂದರ ವಿಠಲ’ ಅನ್ನೋದು ಹಾಡಿನ ಒಳಗೇ ಇದೆ. ಹಾಡು ಯಾವ ಊರಿಗೆ ಹೋದರೂ ಯಾರದು ಅಂತ ತಾನೇ ಹೇಳುತ್ತೆ.

ಮಾಟುಂಗಾದಿಂದ:

ಆಗಲ್ಲ. ಅಂಕಿತ ಪದ ಕಟ್ಟಿದವರದು ಮಾತ್ರ. ಹಾಡಿದವರು, ಆಲ್ಬಮ್, ವರ್ಷ, ಬಗೆ, ಇದು ಯಾವುದೂ ಅಂಕಿತದಲ್ಲಿ ಇರಲ್ಲ. ಜೊತೆಗೆ ಅದು ಸಂಸ್ಕೃತ.

ಡೊಂಬಿವಲಿಯಿಂದ:

ಸಂಸ್ಕೃತ ಅನ್ನೋದೇ ತಪ್ಪಾದರೆ ಆ ಕಂಪ್ಯೂಟರಿನಲ್ಲಿ ಉಳಿಯೋದೇನು? ‘ಸಂಗೀತ’, ‘ರಾಗ’, ‘ತಾಳ’ ಎಲ್ಲ ಸಂಸ್ಕೃತ. ಖಯಾಲ್, ತಬಲಾ ಅರಬ್ಬಿಯಿಂದ ಬಂದವು. ಧಾರವಾಡದ ಕಡೆ ಹಾರ್ಮೋನಿಯಂಗೆ ‘ಪೇಟಿ’ ಅಂತಾರೆ, ಅದು ಮರಾಠಿ. ‘ಪೇಟಿ ಮಾಸ್ತರು’ ಅಂದಾಗ ಯಾರ ಕನ್ನಡವೂ ಕೆಟ್ಟಿಲ್ಲ. ಎರವಲು ಬೇಡ ಅನ್ನುವವರು ಮೊದಲು ಈ ಪೇಟಿ ಮುಚ್ಚಲಿ. ಟ್ಯಾಗ್ ಅಂತಲೇ ಬರೆಯಿರಿ.

ಮಾಟುಂಗಾದಿಂದ:

ಪೇಟಿ ಜನರ ಬಾಯಿಂದ ಬಂತು. ಟ್ಯಾಗ್ ಮೆನುವಿನಿಂದ ಬಂತು. ಎರಡೂ ಒಂದಲ್ಲ. ನಮ್ಮದೇ ಮಾತು ಇಲ್ಲದಿದ್ದರೆ ಎರವಲು ತರೋಣ, ನನ್ನ ತಕರಾರಿಲ್ಲ. ಇಲ್ಲಿ ಇದೆ.

ಪದಕ್ಕಿಂತ ಮುಖ್ಯವಾದ ಒಂದು ವಿಷಯ ಪುಣೆಯವರಿಗೆ ಹೇಳಬೇಕು. ‘ಭೀಮಸೇನ ಜೋಶಿ’, ‘ಭೀಮಸೇನ್ ಜೋಷಿ’, ‘ಪಂ. ಭೀಮಸೇನ ಜೋಶಿ’ ಅಂತ ಮೂರು ಥರ ತುಂಬಿದರೆ ಪ್ಲೇಯರ್ ಮೂವರು ಗಾಯಕರನ್ನು ತೋರಿಸುತ್ತೆ. ಮೂರನೆಯವರು ಪಟ್ಟಿಯಲ್ಲಿ ‘ಪ’ ಅಕ್ಷರದ ಕೆಳಗೆ ಹೋಗಿ ಕೂರುತ್ತಾರೆ. ನಿಮ್ಮ ಊರಲ್ಲೇ ಬಾಳಿದ ಗದಗದ ಹಿರಿಯರು ನಿಮ್ಮ ಕಂಪ್ಯೂಟರಿನಲ್ಲೇ ಹೀಗೆ ಹರಿದುಹೋಗೋದು ಬೇಡ. ಒಂದೇ ಕಾಗುಣಿತ ಇಟ್ಟುಕೊಳ್ಳಿ, ಪಂಡಿತ್, ವಿದುಷಿ ಎಲ್ಲ ಬಿಡಿ. ಗುರುತು ಅನ್ನೋ ಮಾತು ಇಲ್ಲೇ ಸಾರ್ಥಕ. ಗುರುತು ತಪ್ಪಿದರೆ ಹಾಡು ಇದ್ದೂ ಸಿಗಲ್ಲ.

ಇನ್ನೊಂದು. ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಪದ್ಧತಿಗೆ ಐಡಿ3 ಅಂತಾರೆ. ಅದರ ಹಳೆಯದು, 1996ರ ಮೊದಲ ಆವೃತ್ತಿ, ಫೈಲಿನ ಕೊನೆಯ 128 ಬೈಟ್‌ನಲ್ಲಿ (ಬೈಟ್ ಅಂದರೆ ಕಂಪ್ಯೂಟರಿನ ಜಾಗದ ಅಳತೆ) ಇರುತ್ತೆ. ಹೆಸರಿಗೆ 30 ಬೈಟ್ ಮಾತ್ರ. ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಎಣಿಕೆ. ಹಾಗಾಗಿ ‘ಮಲ್ಲಿಕಾರ್ಜುನ ಮನಸೂರ’ ಅಂತ ತುಂಬಿದರೆ ‘ಮಲ್ಲಿಕಾರ್ಜ’ಕ್ಕೇ ನಿಲ್ಲುತ್ತೆ. ಎರಡನೇ ಆವೃತ್ತಿಯಲ್ಲೇ ತುಂಬಿ. ಅದರ 2.4 ಅನ್ನೋ ರೂಪ ಯುಟಿಎಫ್-8 ಒಪ್ಪುತ್ತೆ. ಹಳೆಯದರಲ್ಲಿ ಜಾನರ್ ಬರೀ ಒಂದು ನಂಬರು, ಆ ಪಟ್ಟಿಯಲ್ಲಿ ದಾಸರ ಪದ ಇಲ್ಲವೇ ಇಲ್ಲ. ಹೊಸದರಲ್ಲಿ ‘ದಾಸರ ಪದ’ ಅಂತ ಕನ್ನಡದಲ್ಲೇ ಬರೆಯಬಹುದು. ಜಾನರ್‌ಗೆ ‘ಬಗೆ’ ಸಾಕು.

ಮಡಗಾಂವ್‌ನಿಂದ:

ಅಂಕಿತವನ್ನು ಪೂರ್ತಿ ಬಿಡಬೇಡಿ. ಕಂಪೋಸರ್ ಅಂತ ಬೇರೆ ಜಾಗ ಇದೆ, ಪುರಂದರದಾಸರ ಹೆಸರು ಅಲ್ಲಿಗೆ ಬರಬೇಕು. ಎಷ್ಟೋ ಕಡೆ ಹಾಡಿದವರ ಹೆಸರೊಂದೇ ತುಂಬಿ ದಾಸರನ್ನು ಮರೆತಿರುತ್ತಾರೆ. ನನಗೆ ಅದು ತಡೆಯೋಕಾಗಲ್ಲ.

ಪುಣೆಯಿಂದ:

ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಹೋಗೋದು ಇಷ್ಟು: ಗುರುತು, ಧ್ವನಿಸುರುಳಿ, ಕಲಾವಿದರು, ಬಗೆ. ‘ಹಾಡಿದವರು’ ಅಂತಿದ್ದೆ, ಆದರೆ ಶಹನಾಯಿ, ಕೊಳಲು ಇರುವ ಕ್ಯಾಸೆಟ್‌ಗಳೂ ಇವೆ. ‘ಧ್ವನಿಸುರುಳಿ’ಯಲ್ಲಿ ಈಗ ಸುರುಳಿ ಇಲ್ಲ ನಿಜ. ಆದರೂ ಸಿನಿಮಾದವರು ‘ಧ್ವನಿಸುರುಳಿ ಬಿಡುಗಡೆ’ ಅಂತ ಹೇಳಿ ಹೇಳಿ ನಮ್ಮ ಹಿರಿಯರ ಕಿವಿಗೆ ಅದೇ ಕೂತಿದೆ. ಐದನೇ ಸಾಲಿಗೆ ‘ರಚನೆ’ ಸೇರಿಸಿದ್ದೇನೆ, ದಾಸರ ಹೆಸರು ಅಲ್ಲಿ ಬರುತ್ತೆ. ರಾಗಕ್ಕೆ ಐಡಿ3ಯಲ್ಲಿ ಬೇರೆ ಜಾಗವೇ ಇಲ್ಲ. ಸದ್ಯ ಹಾಡಿನ ಹೆಸರಿನ ಜೊತೆಗೇ ಬರೆಯುತ್ತೇವೆ.

ಡೊಂಬಿವಲಿಯಿಂದ:

‘ಧ್ವನಿ’ಯೂ ಸಂಸ್ಕೃತವೇ. ಮಾಟುಂಗಾದವರು ಅದಕ್ಕೆ ಉತ್ತರ ಕೊಡಲಿ.