ಗರಿ ಕಳಚಿದ ಫೆದರ್ ಡಸ್ಟರ್ ಸತ್ತಿತಾ?

ಪ್ರಶ್ನೆ (ಕಾರವಾರ): ನಮಸ್ಕಾರ ಸರ್. ನನ್ನದು 200 ಲೀಟರಿನ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ). ಅದರಲ್ಲಿರುವ ಫೆದರ್ ಡಸ್ಟರ್ ಹುಳು ನಾಲ್ಕು ದಿನದ ಹಿಂದೆ ತಲೆಯ ಗರಿಯನ್ನೆಲ್ಲ ಕಳಚಿ ಹಾಕಿದೆ. ಈಗ ಅದು ವಾಸಿಸುವ ಕೊಳವೆ ಮಾತ್ರ ನಿಂತಿದೆ. ಸತ್ತಿತಾ? ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಸುರುಳಿಗಳೂ ಎದ್ದಿವೆ. ಇನ್ನೊಂದು ಮಾತು, ಈ ಹುಳುಗಳು ನೀರು ಸೋಸುತ್ತವೆ ಅಲ್ವಾ? ನಾಲ್ಕೈದು ತಂದು ಬಿಟ್ಟರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ತೆಗೆಯಬಹುದಾ? ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಅದನ್ನು ಇನ್ವರ್ಟರಿನಲ್ಲಿ ಓಡಿಸುವುದೇ ಕಷ್ಟ.

ಉತ್ತರ: ಕೊಳವೆ ಎಸೆಯಬೇಡಿ ಮಾರಾಯ್ರೆ. ನೀರು ಕೆಟ್ಟರೆ, ಹೊಟ್ಟೆಗೆ ಸಾಲದಿದ್ದರೆ ಈ ಹುಳು ಗರಿ ಬಿಡುತ್ತದೆ. ಜೀವ ಇದ್ದರೆ ಕೆಲವು ವಾರಗಳಲ್ಲಿ ಚಿಕ್ಕ ಗರಿ ಮತ್ತೆ ಬರುತ್ತದೆ. ಕೊಳೆತ ವಾಸನೆ ಬಂದರೆ ಮಾತ್ರ ತಕ್ಷಣ ತೆಗೆಯಿರಿ, ಇಲ್ಲವಾದರೆ ಅಮೋನಿಯಾ ಏರುತ್ತದೆ.

ಸ್ಕಿಮ್ಮರ್ ತೆಗೆಯಬೇಡಿ. ಹುಳು ಹಿಡಿಯುವುದು ನೀರಿನಲ್ಲಿ ತೇಲುವ ಕಣಗಳನ್ನು: ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯಾ, ಕಸದ ಪುಡಿ. ಕರಗಿದ ನೈಟ್ರೇಟ್ ಅದಕ್ಕೆ ಸಿಗುವುದಿಲ್ಲ. ಆದರೆ ಅದು ಕೆಲಸ ಮಾಡುವ ರೀತಿ ನೋಡಬೇಕು. ಗರಿಯ ಮೇಲಿನ ಸಣ್ಣ ರೋಮಗಳು ನೀರನ್ನು ಎಳೆದು, ಸಿಕ್ಕ ಕಣಗಳನ್ನು ಬಾಯಿಯ ಕಡೆ ಸಾಗಿಸುತ್ತವೆ. ಅಲ್ಲೇ ವಿಂಗಡಣೆ. ತೀರ ಸಣ್ಣದು ಹೊಟ್ಟೆಗೆ, ಮಧ್ಯಮ ಗಾತ್ರದ್ದು ಲೋಳೆಯ ಜೊತೆ ಕಲಸಿ ಕೊಳವೆ ಕಟ್ಟಲಿಕ್ಕೆ, ದಪ್ಪದ್ದು ಹೊರಗೆ. ನಮ್ಮಲ್ಲಿ ಅಕ್ಕಿ, ನುಚ್ಚು, ತೌಡು ಬೇರೆ ಮಾಡಿದ ಹಾಗೆ! ತೀರ ಸ್ವಚ್ಛ ನೀರಿನಲ್ಲಿ ಇದು ಉಪವಾಸ ಬೀಳುತ್ತದೆ. ಪಂಪ್ ಹತ್ತು ನಿಮಿಷ ನಿಲ್ಲಿಸಿ, ಫೈಟೋಪ್ಲ್ಯಾಂಕ್ಟನ್ (ಸೂಕ್ಷ್ಮ ಪಾಚಿ) ದ್ರವವನ್ನು ಸಿರಿಂಜಿನಲ್ಲಿ ಹತ್ತಿರ ಬಿಡಿ, ಸ್ವಲ್ಪವೇ.

ಬಿಳಿ ಸುರುಳಿಗಳೂ ಸೋಸುವ ಹುಳುಗಳೇ, ಸ್ಪೈರಾರ್ಬಿಡ್. ತೊಂದರೆ ಇಲ್ಲ. ಕಣ್ಣಿಗೆ ಚುಚ್ಚಿದರೆ ಬ್ಲೇಡಿನಲ್ಲಿ ಕೆರೆಯಿರಿ. ಅದಿರಲಿ, ಟ್ಯಾಂಕಿಗೆ ನೀರು ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಟಾಗೋರ್ ಬೀಚಿನಿಂದ ಸರ್. ಹೋದ ವಾರ ನಾಲ್ಕು ಕ್ಯಾನ್ ಬದಲಿಸಿದೆ.

ಉತ್ತರ: ಅಲ್ಲೇ ಎಡವಟ್ಟಾಗಿದೆ! ಹತ್ತಿರದ ಕೋಡಿಬಾಗದಲ್ಲಿ ಕಾಳಿ ನದಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿಯುತ್ತದೆ. ಟ್ಯಾಂಕಿನ ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆ) ನೋಡಿ ಹೇಳಿ.

ಪ್ರಶ್ನೆ: 1.019 ತೋರಿಸ್ತಿದೆ.

ಉತ್ತರ: 1.025 ಬೇಕು. ಒಂದೇ ಸಲ ಉಪ್ಪು ಸುರಿಯಬೇಡಿ. ರೀಫ್ ಸಾಲ್ಟನ್ನು ಬೇರೆ ನೀರಿನಲ್ಲಿ ಪೂರ್ತಿ ಕರಗಿಸಿ, ದಿನಕ್ಕೆ 0.001ರಷ್ಟು ಏರಿಸಿ.

ಇನ್ನೊಬ್ಬರು (ಕುಮಟಾ): ನಮ್ಮ ದೋಣಿಯ ತಳಕ್ಕೆ ಅಂಟುವ ಬಿಳಿ ಕೊಳವೆಗಳೂ ಇದೇ ಜಾತಿಯಾ?

ಉತ್ತರ: ನೆಂಟರು. ಸುಣ್ಣದ ಕೊಳವೆ ಕಟ್ಟುವವು ಸರ್ಪುಲಿಡ್, ಸ್ಪೈರಾರ್ಬಿಡ್ ಅದೇ ಬಳಗ. ಫೆದರ್ ಡಸ್ಟರ್ ಸಬೆಲ್ಲಿಡ್, ಅದರ ಕೊಳವೆ ಮೆತ್ತಗೆ.

ಪ್ರಶ್ನೆ (ಕಾರವಾರ, ಹದಿನೆಂಟು ದಿನದ ಮೇಲೆ): ಸರ್, ಕೊಳವೆಯ ಬಾಯಲ್ಲಿ ಉಗುರಿನಷ್ಟು ಗರಿ ಕಾಣಿಸ್ತಿದೆ. ಕೈಯ ನೆರಳು ಬಿದ್ದರೆ ಸಾಕು, ಚಕ್ಕನೆ ಒಳಗೆ.