ಸಮೂಹನಾಶಕ ಅಸ್ತ್ರ: ‘ಸಮೂಹ’ ಎಂದರೆ ಎಷ್ಟು ಜನ?

2003ರ ಇರಾಕ್ ಯುದ್ಧದ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುತ್ತಿದ್ದ ಪದ ‘ಸಮೂಹನಾಶಕ ಅಸ್ತ್ರ’, ಇಂಗ್ಲಿಷಿನ ‘ವೆಪನ್ಸ್ ಆಫ್ ಮಾಸ್ ಡಿಸ್ಟ್ರಕ್ಷನ್’. ಒಮ್ಮೆಗೇ ಬಹಳ ಜನರನ್ನು ಕೊಲ್ಲುವ ಆಯುಧ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತೇವೆ. ಬಳಕೆ ನೋಡಿದರೆ ಹಾಗಿಲ್ಲ.

1945ರ ಮಾರ್ಚಿನಲ್ಲಿ ಅಮೆರಿಕದ ವಿಮಾನಗಳು ಟೋಕಿಯೊ ಮೇಲೆ ಬೆಂಕಿಬಾಂಬು ಸುರಿದವು. ಒಂದೇ ರಾತ್ರಿಯಲ್ಲಿ ಸತ್ತವರು ಸುಮಾರು ಒಂದು ಲಕ್ಷ. ಆದರೂ ಬೆಂಕಿಬಾಂಬು ಸಮೂಹನಾಶಕ ಅಸ್ತ್ರಗಳ ಪಟ್ಟಿಗೆ ಸೇರುವುದಿಲ್ಲ. 1995ರಲ್ಲಿ ಅದೇ ಊರಿನ ಸುರಂಗ ರೈಲುಗಳಲ್ಲಿ ಒಂದು ಪಂಥದವರು ಸಾರಿನ್ ವಿಷಾನಿಲ ಬಿಟ್ಟರು. ಸತ್ತವರು ಇಪ್ಪತ್ತಕ್ಕೂ ಕಡಿಮೆ. ಸಾರಿನ್ ಪಟ್ಟಿಯಲ್ಲಿದೆ!

ವಿಶ್ವಸಂಸ್ಥೆಯ ಆಯೋಗವೊಂದು 1948ರಲ್ಲಿ ಹಾಕಿದ ಗೆರೆ ಇದಕ್ಕೆ ಕಾರಣ: ಅಣ್ವಸ್ತ್ರ, ವಿಕಿರಣ ಹರಡುವ ಅಸ್ತ್ರ, ಮಾರಕ ರಾಸಾಯನಿಕ ಮತ್ತು ಜೈವಿಕ ಅಸ್ತ್ರ, ಮುಂದೆ ಇವುಗಳಷ್ಟೇ ಹಾನಿ ಮಾಡಬಲ್ಲ ಹೊಸತೇನಾದರೂ ಬಂದರೆ ಅದೂ. ನಮ್ಮ ಸಂಸತ್ತಿನ 2005ರ ಕಾಯಿದೆ ಇನ್ನೂ ಚುಟುಕು: ಜೈವಿಕ, ರಾಸಾಯನಿಕ, ಪರಮಾಣು. ಹೆಣಗಳ ಲೆಕ್ಕಕ್ಕೂ ಈ ಹೆಸರಿಗೂ ನಂಟಿಲ್ಲ. ತಮಾಷೆಯೆಂದರೆ, 1937ರಲ್ಲಿ ಇಂಗ್ಲೆಂಡಿನ ಹಿರಿಯ ಧರ್ಮಗುರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಇದರ ಇಂಗ್ಲಿಷ್ ಮೂಲವನ್ನು ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಸ್ಪೇನ್, ಚೀನಾಗಳ ಮೇಲೆ ಬಿದ್ದ ಮಾಮೂಲಿ ಬಾಂಬುಗಳು.

ತೊಡಕು ಬರುವುದು ಅನುವಾದದಲ್ಲಿ. ಅಮೆರಿಕದ ಅಪರಾಧ ಕಾನೂನು ಸಾಧಾರಣ ಬಾಂಬು, ಗ್ರೆನೇಡುಗಳನ್ನೂ ಇದೇ ಹೆಸರಿನಡಿ ತರುತ್ತದೆ. ಹಾಗಾಗಿ 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಆರೋಪಿಯ ಮೇಲೆ ‘ಸಮೂಹನಾಶಕ ಅಸ್ತ್ರ’ ಬಳಸಿದ ಆರೋಪ ಬಿತ್ತು. ಅಲ್ಲಿ ಸಿಡಿದದ್ದು ಕುಕ್ಕರ್ ಬಾಂಬು. 2022ರಲ್ಲಿ ಮಂಗಳೂರಿನ ಆಟೊದಲ್ಲಿ ಸಿಡಿದದ್ದೂ ಅದೇ ಬಗೆಯದು. ಅದನ್ನು ಸಮೂಹನಾಶಕ ಎಂದರೆ ಕನ್ನಡದ ಓದುಗ ಹುಬ್ಬೇರಿಸುತ್ತಾನೆ. ಬಾಸ್ಟನ್ ಸುದ್ದಿಯಲ್ಲಿ ‘ಬಾಂಬ್ ಬಳಸಿದ ಆರೋಪ’ ಎಂದು ಬರೆದು, ಕಾನೂನಿನ ಹೆಸರನ್ನು ಬೇರೆ ವಾಕ್ಯದಲ್ಲಿ ವಿವರಿಸುವುದು ನನಗೆ ಸರಿ ಕಾಣುತ್ತದೆ.

‘ಸಾಮೂಹಿಕ ವಿನಾಶಕ ಅಸ್ತ್ರ’ ಎಂಬ ರೂಪವೂ ಓಡಾಡುತ್ತಿದೆ. ಸಾಮೂಹಿಕ ವಿವಾಹ, ಸಾಮೂಹಿಕ ಪ್ರಾರ್ಥನೆ ಕೇಳಿದ ಕಿವಿಗೆ ಅದು ಎಲ್ಲರೂ ಸೇರಿ ಮಾಡುವ ವಿನಾಶದಂತೆ ಕೇಳುತ್ತದೆ. ‘ಸಮೂಹನಾಶಕ’ವೇ ಮೇಲು. ಇನ್ನು ‘ಅಸ್ತ್ರ’: ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಬಿಡುವುದು ಅಸ್ತ್ರ ಎಂಬ ಹಳೆಯ ಭೇದ ಇಲ್ಲಿ ಚೆನ್ನಾಗಿ ಹೊಂದುತ್ತದೆ, ಅನಿಲವನ್ನಾಗಲಿ ರೋಗಾಣುವನ್ನಾಗಲಿ ಬಿಡಲೇಬೇಕಲ್ಲ.

‘ಅಣ್ವಸ್ತ್ರ’ದ ಹಾಗೆ ತಲೆಬರಹದಲ್ಲಿ ಕೂರುವ ಚಿಕ್ಕ ಪದವನ್ನು ಇದಕ್ಕೆ ಯಾರಾದರೂ ಬಳಸಿದ್ದು ಕಂಡಿದ್ದೀರಾ?